ಮಾತು ಕಲಿಸುವ ಟೌನೊ

ಉತ್ತರದ ಹಿಮನಾಡಿನ ತುರ್ಕು ಪಟ್ಟಣದಲ್ಲಿ ಟೌನೊ ರೀಹಿಮಾನಷ್ಟು ಕಡಿಮೆ ಮಾತಿನ ಮನುಷ್ಯ ಇನ್ನೊಬ್ಬನಿರಲಿಲ್ಲ. ಅದಕ್ಕೇ ಇರಬೇಕು, ಅವನಿಗೆ ವ್ಯಾಪಾರದ ಮಾತು ಕಲಿಸುವ ಕೆಲಸ ಕೊಟ್ಟಿದ್ದರು. ಬೆಳೆಯುತ್ತಿರುವ ದೇಶಗಳ ಎಳೆಯ ಜೈವಿಕ ತಂತ್ರಜ್ಞಾನ ಕಂಪನಿಗಳನ್ನು ಕೈಹಿಡಿದು ಜಗತ್ತಿನ ಮಾರುಕಟ್ಟೆಗೆ ದಾಟಿಸುವುದು ಅವನು ಕೆಲಸಕ್ಕಿದ್ದ ಕೇಂದ್ರದ ಉದ್ದೇಶ. ಈವರೆಗೆ ದಾಟಿದವರು ಯಾರೆಂದು ಕೇಳಿದರೆ ಅಲ್ಲಿನವರು ಕಾಫಿ ಬಗ್ಗಿಸುತ್ತಿದ್ದರು.

"ಮದುವೆ ದಿನ ನೀನು 'ಹೂಂ' ಅಂದದ್ದೇ ನಿನ್ನ ಜೀವಮಾನದ ಭಾಷಣ. ನೀನು ಪಾಠ ಮಾಡ್ತೀಯಾ?" ಎಂದು ಹೆಂಡತಿ ಐಲಿ ನಗುತ್ತಿದ್ದಳು.

"ಹೂಂ," ಎನ್ನುತ್ತಿದ್ದ ಟೌನೊ.

ಆ ವಸಂತದಲ್ಲಿ ಘಾನಾದ ಹೋ ಊರಿನಿಂದ ಎಡೆಮ್ ಅಗ್ಬೆಕೊ ಬಂದ. ಹಾವು ಕಚ್ಚಿದವರ ಒಂದು ಹನಿ ರಕ್ತದಿಂದ ಅದು ಯಾವ ಹಾವಿನ ವಿಷವೆಂದು ಗೆರೆ ಮೂಡಿಸಿ ತೋರಿಸುವ ಕಾಗದದ ಪರೀಕ್ಷಾ ಪಟ್ಟಿಯನ್ನು ಅವನ ತಂಡ ಕಂಡುಹಿಡಿದಿತ್ತು. ಕೈಯಲ್ಲಿ ಕತ್ತರಿಸಿದ ಪಟ್ಟಿಗಳು ಒಂದೇ ಆಸ್ಪತ್ರೆಗೆ ಸಾಲುತ್ತಿದ್ದವು. ತಯಾರಿಸಿಕೊಡುವ ಕಾರ್ಖಾನೆ ಈ ಸಲವೂ ಸಿಗದಿದ್ದರೆ ಅವರ ಪ್ರಯೋಗಾಲಯ ಮುಚ್ಚುವುದು ಖಚಿತವಾಗಿತ್ತು. ಟೌನೊನನ್ನು ಅವನು ತನ್ನವರ ವಾಡಿಕೆಯಂತೆ 'ಎಫೋ', ಅಣ್ಣ, ಎಂದು ಕರೆಯುತ್ತಿದ್ದ.

ಕೇಂದ್ರದ ನಿರ್ದೇಶಕಿ ಸೈಯಾ ಎಡೆಮನನ್ನು ತಿದ್ದಿ ತೀಡಿದಳು. "ಪರದೆ ಮೇಲಿನ ಆ ಹಾವಿನ ಚಿತ್ರ ತೆಗೆದುಬಿಡು, ಜನ ಹೆದರ್ತಾರೆ. ಸೂರ್ಯೋದಯ ಹಾಕು. ಪಟ್ಟಿಯ ಕುಂದುಕೊರತೆ ಬಾಯಿಗೆ ಬರಲೇಕೂಡದು. ಮಾತು ನಿಂತಿತೋ, ಸೋತೆ!"

ಶ್ರದ್ಧಾವಂತ ಎಡೆಮ್ ಎಲ್ಲವನ್ನೂ ಬಾಯಿಪಾಠ ಮಾಡಿದ.

ಇಂಥ ಪಟ್ಟಿಗಳ ಕಾರ್ಖಾನೆ ಇಟ್ಟಿದ್ದ ಮುದುಕ ಎಸ್ಕಿಲ್ ಬಾಕ್‌ಲುಂಡ್ ಸಭೆಗೆ ಬರಲೊಪ್ಪಲಿಲ್ಲ. ಟೌನೊ, ಎಡೆಮ್ ಇಬ್ಬರನ್ನೂ ಸಮುದ್ರದಂಚಿನ ತನ್ನ ಸೌನಾಗೆ, ಉಗಿಸ್ನಾನದ ಮನೆಗೆ, ಕರೆದ. ಕಾದ ಕಲ್ಲುಗಳ ಆ ಕತ್ತಲೆ ಕೋಣೆಯಲ್ಲಿ ಮೈಮೇಲೆ ಬಟ್ಟೆಯಿಲ್ಲ, ಗೋಡೆಯ ಮೇಲೆ ಪರದೆಯಿಲ್ಲ.

"ನಮ್ಮ ಕ್ರಾಂತಿಕಾರಿ ಪರಿಹಾರ ಇದೆಯಲ್ಲ..." ಎಡೆಮ್ ಶುರುಮಾಡಿದ.

ಬಾಕ್‌ಲುಂಡ್ ಕಣ್ಣು ಮುಚ್ಚಿಕೊಂಡ. ಅಲ್ಲಿ ವ್ಯಾಪಾರದ ಮಾತೆಂದರೆ ಚರ್ಚಿನೊಳಗೆ ಮೀನು ಮಾರಿದಂತೆ. ಟೌನೊ ಕಲ್ಲಿನ ಮೇಲೆ ಒಂದು ಸೌಟು ನೀರೆರೆದ. ಭುಸ್ಸೆಂದೆದ್ದ ಉಗಿ ಎಡೆಮನ ಬಾಯಿ ಮುಚ್ಚಿಸಿತು.

"ಇಡೀ ಖಂಡದ ಭವಿಷ್ಯ..."

ಇನ್ನೊಂದು ಸೌಟು.

"ಎಫೋ, ಬೇಯಿಸಿ ತಿಂತೀರೇನು?"

"ಉಸಿರಾಡು," ಎಂದ ಟೌನೊ. ಮಾತಿನ ಗುರುಗಳು ಎಡೆಮನಿಗೆ ಕಲಿಸಿದ ಮೊದಲ ಪಾಠ ಅದು.

ಎಡೆಮ್ ನಿಧಾನವಾಗಿ ಉಸಿರೆಳೆದುಕೊಂಡ. ಹೊರಗೆ ಕರಗುತ್ತಿದ್ದ ಮಂಜುಗಡ್ಡೆ ದಡಕ್ಕೆ ತಾಗಿ ಗಾಜಿನ ಬಳೆಯಂತೆ ಸದ್ದು ಮಾಡುತ್ತಿತ್ತು. ಎಡೆಮನ ಬದುಕನ್ನೇ ಕೆಡಿಸಿಬಿಟ್ಟೆನೇನೋ ಎಂದುಕೊಂಡು ಟೌನೊ ಸೌಟನ್ನು ಕೆಳಗಿಟ್ಟ.

"ನಿಮ್ಮ ಪಟ್ಟಿ ಎಲ್ಲಿ ಸೋಲತ್ತೆ?" ಬಾಕ್‌ಲುಂಡ್ ಕೊನೆಗೂ ಕೇಳಿದ.

ಎಡೆಮ್ ಟೌನೊನ ಮುಖ ನೋಡಿದ. ಹೇಳು ಎಂಬಂತೆ ಟೌನೊ ತಲೆಯಾಡಿಸಿದ.

"ಮರಿಹಾವು ಕಚ್ಚಿದ್ರೆ. ವಿಷ ಕಮ್ಮಿ, ಗೆರೆ ಮೂಡಲ್ಲ. ಹೋದ ಮಳೆಗಾಲ ಒಬ್ಬ ಹೆಂಗಸಿಗೆ ಹಾಗಾಯ್ತು. ಡಾಕ್ಟ್ರು ನಮ್ಮ ಪಟ್ಟೀನ ನಂಬದೆ ಮದ್ದು ಕೊಟ್ರು. ಅದಕ್ಕೇ ಉಳಿದಳು."

ಮುದುಕ ಎದ್ದ. "ಸೋಮವಾರ ಕಾರ್ಖಾನೆಗೆ ಬಾ. ಸೋತ ಪಟ್ಟಿಗಳನ್ನೂ ತಗೊಂಡು ಬಾ." ಬಾಗಿಲು ತೆರೆದು ಸಮುದ್ರಕ್ಕೆ ಇಳಿದೇಬಿಟ್ಟ.

"ಎದ್ದೇ ಹೋದ್ರಲ್ಲ, ಎಫೋ! ಬೇಡ ಅಂದ್ರಾ?"

"ಬೇಡ ಅನ್ನೋನಾಗಿದ್ರೆ ಕಾಫಿ ಕೊಟ್ಟು ಹೊಗಳಿ ಕಳಿಸ್ತಿದ್ದ. ನಿಂಗೆ ಕೆಲಸ ಹೇಳಿದಾನೆ. ಪಟ್ಟಿ ಮಾಡಿಕೊಡ್ತಾನೆ, ಎಡೆಮ್."

ಎಡೆಮ್ ಹಲಗೆಯ ಮೇಲೆ ಕುಸಿದು ಅಳತೊಡಗಿದ. ಮಾತು ಕಲಿಸುವ ಟೌನೊ ಪಕ್ಕದಲ್ಲಿ ಕೂತ.