ಕಂಬಳಿಯ ನಡುವಿನ ಜಾಗ

ತಪ್ಪು ನನ್ನ ಮಗ ಮಾಳಪ್ಪನದೇ. ಅವನು ತೋರಿಸಿದಲ್ಲಿ ಸಹಿ ಹಾಕಿದ ನನ್ನದೂ ಹೌದು. ಹೋದ ವರ್ಷ ದೀಪಾವಳಿಗೆ ಮುಂಚೆ ಸರಕಾರದ ನೋಟೀಸು ಬಂದಾಗ, ಯಾರೋ ಹೊಟ್ಟೆಕಿಚ್ಚಿಗೆ ಮಾಡಿಸಿದ್ದಾರೆಂದು ಮಂದಿ ಮಾತಾಡಿದರು. ಹಾಗೇನೂ ಇರಲಿಲ್ಲ.

ಹುನಗುಂದದ ಹತ್ತಿರದ ನಮ್ಮೂರಲ್ಲಿ ಹನ್ನೆರಡು ಮನೆಯವರು ಸೇರಿ ಕಂಬಳಿ ನೇಯುವ ಕಂಪನಿ ಮಾಡಿಕೊಂಡಿದ್ದೇವೆ. ಅದಕ್ಕೂ ಮೊದಲು ಮಾಳಪ್ಪ ಗೆಳೆಯರ ಜೊತೆ ಬೇರೊಂದು ಕಂಪನಿ ತೆಗೆದು, ಮೂರು ವರ್ಷ ಅದರ ಕಾಗದಪತ್ರ ಸಲ್ಲಿಸದೆ ಬಿಟ್ಟಿದ್ದ. ಅದಕ್ಕೆ ಐದು ವರ್ಷ ಯಾವ ಕಂಪನಿಗೂ ಡೈರೆಕ್ಟರ್ ಆಗಬಾರದೆಂದು ಅವನಿಗೆ ತಡೆ ಬಿತ್ತು. ಆಗ ಕಂಬಳಿ ಕಂಪನಿಗೆ ಡೈರೆಕ್ಟರ್ ಎಂದು ನನ್ನ ಹೆಸರು ಬರೆಸಿದ.

"ಅವ್ವಾ, ನೀ ಬರೇ ಸಹಿ ಮಾಡು. ಉಳಿದದ್ದು ನಾ ನೋಡ್ಕೋತೇನಿ" ಅಂದ. ನಾನು ಮೂರನೇ ಇಯತ್ತೆ ಕಲಿತವಳು. ಮಾಡಿದೆ.

ಕಂಪನಿಯನ್ನು ನಿಜಕ್ಕೂ ನಡೆಸುವವರು ಯಾರು ಎಂದು ಕೇಳಿದ್ದ ಆ ನೋಟೀಸಿಗೆ ಉತ್ತರ ಬರೆಯಲು ನವನಗರದಿಂದ ಹೆಣ್ಣುಮಗಳೊಬ್ಬಳು, ವಕೀಲೆ, ಬಂದಳು. ಕಂಬಳಿ ಹಾಸಿ ಎಲ್ಲರೂ ಕೂತೆವು. ನಮ್ಮಲ್ಲಿ ಹಿರಿತನ ಮಾಡುವವರು ಕಂಬಳಿಯ ನಡುವೆ ಕೂಡುತ್ತಾರೆ, ಉಳಿದವರು ಅಂಚಿಗೆ. ಮಾಳಪ್ಪ ರೂಢಿಯಂತೆ ನಡುವೆ ಕೂತ.

"ಕಂಪನಿ ನಮ್ಮವ್ವನೇ ನಡಸ್ತಾಳ ಅಂತ ಬರೀರಿ" ಅಂದ.

ವಕೀಲೆ ನನ್ನ ಕಡೆ ತಿರುಗಿದಳು. "ಅಮ್ಮಾರ, ಮುಂದಿನ ಉಣ್ಣೆ ಎಲ್ಲಿಂದ ತರಸ್ತೀರಿ?"

ಹನ್ನೆರಡು ಮನೆಯವರೂ ಮಾಳಪ್ಪನ ಮುಖ ನೋಡಿದರು. ನಾನೂ ಅವನನ್ನೇ ನೋಡಿದೆ.

ಅವಳು ಪೆನ್ನು ಮುಚ್ಚಿದಳು. "ತಡೆ ಇದ್ದಾಗ ಕಂಪನಿ ನಡಸೋದು ಗುನ್ಹೆ ರೀ. ಜೇಲೂ ಆಗಬಹುದು. ಸುಳ್ಳು ಬರದ್ರ ಇನ್ನೂ ಕಷ್ಟ."

ಮೂರು ಮಕ್ಕಳ ತಂದೆ, ನಪಾಸಾದ ಹುಡುಗನ ಹಾಗೆ ತಲೆ ತಗ್ಗಿಸಿದ. ಅವನು ಯಾರ ಗಂಟೂ ತಿಂದವನಲ್ಲ. ಮಗ್ಗ ನಿಲ್ಲಬಾರದೆಂದು ಊಟ ಬಿಟ್ಟು ಓಡಾಡಿದವನು. ಬಿಟ್ಟುಕೊಡುವುದೊಂದು ಅವನಿಗೆ ಗೊತ್ತಿಲ್ಲ.

"ಇದ್ದದ್ದ ಬರಿಯವ್ವಾ" ಎಂದೆ. "ನಡಸಿದಾಂವ ಇಂವಾ. ಸಹಿ ಮಾಡಿದಾಕಿ ನಾ."

"ಅವ್ವಾ, ನನ್ನ ಜೇಲಿಗೆ ಕಳಸ್ತೀಯೇನ?"

"ಹೋದ್ರ ದಿನಾ ಬುತ್ತಿ ಕಟಗೊಂಡು ಬರ್ತೇನಿ. ಸುಳ್ಳು ಮಾತ್ರ ಹೇಳಂಗಿಲ್ಲ."

ಕೇಸು ಇನ್ನೂ ಮುಗಿದಿಲ್ಲ. ಅಂಚೆಯವನು ಬಾಗಿಲಿಗೆ ಬಂದರೆ ಈಗಲೂ ಮೊದಲು ಲಕೋಟೆಯ ಮೇಲೆ ಸರಕಾರದ ಮುದ್ರೆ ಇದೆಯೇ ಎಂದು ನೋಡುತ್ತೇನೆ.

ಆ ಉತ್ತರ ಬರೆಸಿದ ಮರುದಿನ ಬೆಳಿಗ್ಗೆ ಕಂಬಳಿ ಝಾಡಿಸಿ ಹಾಸಿ ನಡುವೆ ನಾನೇ ಕೂತೆ. ಮಾಳಪ್ಪ ಬಂದು ಎಲ್ಲಿ ಕೂಡಬೇಕೆಂದು ತಿಳಿಯದೆ ನಿಂತ.

"ನಾ ಏನ್ ಮಾಡ್ಲಿ?"

ಮೊದಲು ರೊಟ್ಟಿ ಕೊಟ್ಟೆ. ತಿಂದ ಮೇಲೆ ಮೂಲೆಯ ಉಣ್ಣೆ ತೋರಿಸಿ, "ಹಿಂಜು" ಎಂದೆ. ಆಮೇಲೆ ಉಣ್ಣೆ ವ್ಯಾಪಾರಿಗೆ ಫೋನು ಹಚ್ಚಿದೆ.