ಠಾಣೆಯಲ್ಲಿ ಅವನ ಹೆಸರು ಮೊದಲೇ ಗೊತ್ತಿತ್ತು

ಎರಡು ವರ್ಷದ ಹಿಂದೆ, ದಸರಾ ರಜೆ ಮುಗಿದು ಶಾಲೆ ತೆರೆದ ವಾರ. ಮೊಳಕಾಲ್ಮುರು ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ನಾನು ಬಿಸಿಯೂಟ ಮಾಡುತ್ತೇನೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಮೂರು ದಿನದಿಂದ ತಟ್ಟೆ ಮುಟ್ಟಿರಲಿಲ್ಲ. ಅವಳನ್ನು ಗೀತಾ ಎನ್ನುತ್ತೇನೆ, ನಿಜವಾದ ಹೆಸರು ಬೇಡ. ಅಡುಗೆಕೋಣೆಯ ಹಿಂದೆ ಕೂರಿಸಿಕೊಂಡು ಏನಾಯ್ತೆಂದು ಕೇಳಿದೆ. ಅಳುತ್ತಾ ಚೀಲದಿಂದ ಹೊಸ ಮೊಬೈಲ್ ತೆಗೆದಳು.

"ಗೂಡ್ಸ್ ಆಟೋದಣ್ಣ ಕೊಡಿಸ್ದ ಅಕ್ಕಾ. ಭಾನುವಾರ ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಒಬ್ಳೇ ಬಾ, ಬರ್ದಿದ್ರೆ ನಿನ್ ಫೋಟೋ ಊರಿಗೆಲ್ಲಾ ಕಳಿಸ್ತೀನಿ ಅಂತಾನೆ."

ಆ 'ಅಣ್ಣ'ನಿಗೆ ನಲವತ್ತರ ಹತ್ತಿರ. ನಮ್ಮ ಶಾಲೆಗೆ ಅಕ್ಕಿ ಮೂಟೆ ತಂದು ಇಳಿಸುವವನೇ ಅವನು! ಎಷ್ಟೋ ಸಲ ನಾನೇ ಅವನಿಗೆ ಟೀ ಕಾಯಿಸಿ ಕೊಟ್ಟಿದ್ದೆ.

ಹೆಡ್‌ಮಾಸ್ಟರಿಗೆ ಹೇಳಿದೆ. "ಶಾಲೆ ಹೆಸರು ಹಾಳಾಗ್ತೈತೆ, ಅವ್ರ ಅವ್ವನಿಗೆ ಹೇಳಿ ಸುಮ್ನಿದ್ದುಬಿಡಮ್ಮ" ಎಂದರು. ಗೀತಾಳ ಅವ್ವ ರೇಷ್ಮೆ ಸೀರೆ ನೇಯುವಾಕೆ. ಗಂಡ ಇಲ್ಲ, ಮನೆಮಾತು ತೆಲುಗು. ವಿಷಯ ಕೇಳಿ ಮಗ್ಗದಿಂದ ಎದ್ದವಳೇ ನನ್ನ ಜೊತೆ ಠಾಣೆಗೆ ಹೊರಟಳು.

ಸಾಹೇಬರು ಎಲ್ಲ ಕೇಳಿ, "ಮೊಬೈಲ್ ಇಸ್ಕೊಂಡಿದ್ದು ನಿಮ್ ಹುಡುಗೀನೇ ಅಲ್ವಾ?" ಎಂದರು.

"ಸಾರ್, ಅದಕ್ಕಿನ್ನೂ ಹದಿಮೂರು ವರ್ಷ!" ಎಂದೆ. ಗೀತಾಳ ಅವ್ವ "ನಾ ಬಿಡ್ಡ ಸಾರ್, ನಾ ಬಿಡ್ಡ", ನನ್ನ ಮಗು ಎನ್ನುತ್ತಾ ಕೈಮುಗಿದೇ ನಿಂತಿದ್ದಳು.

ಆಟೋದವನ ಹೆಸರು ಹೇಳಿದ ಕೂಡಲೇ ಸಾಹೇಬರು ಪಕ್ಕದ ಪೇದೆಯತ್ತ ತಿರುಗಿದರು. "ಮತ್ತೆ ಅವನೇನಾ?"

"ಹೂಂ ಸಾರ್. ಹೋದ್ ವರ್ಷ ಇನ್ನೊಂದ್ ಹುಡುಗಿ ವಿಷ್ಯದಾಗೆ ಮುಚ್ಚಳಿಕೆ ಬರೆಸ್ಕೊಂಡು ಬಿಟ್ಟಿದ್ವಲ್ಲ."

ಇವರಿಗೆ ಗೊತ್ತಿತ್ತು! ಗೊತ್ತಿದ್ದೂ ಅವನು ಒಂದು ವರ್ಷ ನಮ್ಮ ಶಾಲೆಯ ಗೇಟಿನೊಳಗೆ ಓಡಾಡಿಕೊಂಡಿದ್ದ. "ಈ ಸಲಾನೂ ಕರೆಸಿ ಬುದ್ಧಿ ಹೇಳ್ತೀವಿ, ಹೋಗ್ರಿ" ಎಂದು ನಮ್ಮನ್ನು ಕಳಿಸಿದರು.

ಹೊರಗೆ ಬಂದು ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಮರುದಿನವೇ ಇಬ್ಬರು ಮಹಿಳೆಯರು ಬಂದು ಗೀತಾಳ ಮಾತನ್ನು ತಾಳ್ಮೆಯಿಂದ ಕೇಳಿ ಬರೆದುಕೊಂಡರು. ಅವರು ದೂರು ಕೊಡಿಸಿದ ಮೇಲೆ ಶನಿವಾರ ಪೊಲೀಸರು ಅವನನ್ನು ಹಿಡಿದರು. ಕೇಸು ಇನ್ನೂ ನಡೆಯುತ್ತಿದೆ. ಗೀತಾ ಈಗ ಚಳ್ಳಕೆರೆಯ ಹಾಸ್ಟೆಲಿನಲ್ಲಿದ್ದು ಹತ್ತನೇ ತರಗತಿ ಓದುತ್ತಿದ್ದಾಳೆ.

ಆದರೆ ಆ ಹಿಂದಿನ ವರ್ಷದ ಹುಡುಗಿ? ಮನಸ್ಸು ತಡೆಯದೆ ಅವರಿವರನ್ನು ಕೇಳಿ ಪಕ್ಕದ ಹಳ್ಳಿಗೆ ಹೋದೆ. ಶಾಲೆ ಬಿಡಿಸಿ, ದೂರದ ಊರಿಗೆ ಮದುವೆ ಮಾಡಿ ಕಳಿಸಿಬಿಟ್ಟಿದ್ದರು. ಅವಳ ಅವ್ವ ಬಾಗಿಲಲ್ಲೇ ನಿಂತು, "ನಾನೂ ಠಾಣೆಗೆ ಹೋಗಿದ್ನಕ್ಕ. ನನ್ ಜೊತೆ ಯಾರೂ ಇರ್ಲಿಲ್ಲ" ಎಂದಳು.

ತಲೆ ತಗ್ಗಿಸಿ ವಾಪಸು ಬಂದೆ. ಈಗ ಯಾವ ತಾಯಿ ಕರೆದರೂ ಒಲೆ ಆರಿಸಿ ಜೊತೆಗೆ ಹೊರಡುತ್ತೇನೆ. ಆ ಹುಡುಗಿ ಮಾತ್ರ ಎಲ್ಲಿದ್ದಾಳೋ, ಹೇಗಿದ್ದಾಳೋ, ಇವತ್ತಿಗೂ ನನಗೆ ಗೊತ್ತಿಲ್ಲ.