ಸಂಕೀರ್ಣ ಸಂಖ್ಯೆಯ ಅವಿರೋಧ ಪದಚ್ಯುತಿ

ತೊಂಬತ್ತರ ದಶಕದ ಆರಂಭ. ರಾಣೆಬೆನ್ನೂರಿನ ಪಾಲಿಟೆಕ್ನಿಕ್ಕೊಂದರಲ್ಲಿ ನಾವು ಮೂವರು ಮಾಸ್ತರರು ಸೇರಿ, ಹುಡುಗರ ಕಲಿಕೆಗೆಂದು ಪುಟ್ಟದೊಂದು ಕಂಪ್ಯೂಟರ್ ಭಾಷೆ ಕಟ್ಟಿದ್ದೆವು. ಜಗತ್ತು ಅದಕ್ಕಾಗಿ ಕಾಯುತ್ತಿರಲಿಲ್ಲ. ನಮಗೆ ಆ ಸುದ್ದಿ ತಲುಪಿರಲಿಲ್ಲ.

ಅದರಲ್ಲಿ ನನ್ನ ಪಾಲಿಗೆ ಬಂದದ್ದು ಸಂಕೀರ್ಣ ಸಂಖ್ಯೆ. ವಾಸ್ತವ ಭಾಗ, ಕಾಲ್ಪನಿಕ ಭಾಗ ಎರಡನ್ನೂ ಒಂದೇ ಹೆಸರಿನಡಿ ಇಟ್ಟರೆ, ಕೂಡುವುದು, ಗುಣಿಸುವುದನ್ನೆಲ್ಲ ಭಾಷೆಯೇ ನೋಡಿಕೊಳ್ಳುತ್ತಿತ್ತು. ನಾನು ಎಲೆಕ್ಟ್ರಿಕಲ್ ವಿಭಾಗದವನು, ಎ.ಸಿ. ಕರೆಂಟಿನ ಲೆಕ್ಕ ಕಲಿಸುವವನಿಗೆ ಅದು ಊರುಗೋಲು. ತಾಯಿ ತೀರಿಕೊಂಡ ವರ್ಷ ಬರೆದದ್ದು. ಆ ವರ್ಷ ನಾನು ಬೇರೇನು ಮಾಡಿದೆನೋ ನೆನಪಿಲ್ಲ.

ಆಮೇಲೆ ಚಿತ್ರ ಬರೆಯುವ ಸೌಲಭ್ಯ ಬೇಕೆಂದಾಯಿತು. ಮೆಮೊರಿಯಲ್ಲಿ ಜಾಗವಿಲ್ಲ, ಇರುವುದರಲ್ಲಿ ಏನಾದರೂ ಹೊರಬೀಳಬೇಕು, ಕಣ್ಣು ಬಿದ್ದದ್ದು ನನ್ನ ಸಂಖ್ಯೆಯ ಮೇಲೆ. ಈ ಘನವಾದ ಪ್ರಶ್ನೆಯ ಇತ್ಯರ್ಥಕ್ಕೆ ಉಳಿದಿಬ್ಬರನ್ನೂ ಒಂದು ಭಾನುವಾರ ಬ್ಯಾಡಗಿಯ ನನ್ನ ಮನೆಗೇ ಸಭೆಗೆ ಕರೆದೆ. ಸ್ವಂತ ನೆಲದಲ್ಲಿ ಯುದ್ಧ ಸುಲಭವೆಂದು ಎಣಿಸಿದ್ದೆ.

"ಮನೀಗೆ ಬಂದವ್ರ ಕೂಡ ವಾದಾ ಹಾಕ್ಕೋಂತ ಕುಂದರಬ್ಯಾಡ್ರಿ ಮತ್ತ," ಎಂದು ಹೆಂಡತಿ ಮಂಡಕ್ಕಿ ಗಿರ್ಮಿಟ್ಟಿನ ತಟ್ಟೆ ಕೈಗಿಡುತ್ತ ಪಿಸುಗುಟ್ಟಿದಳು. ನಮ್ಮ ಕಡೆ ಅದಕ್ಕೆ ಮೇಲ್ಮನವಿಯಿಲ್ಲ. ಉಣ್ಣುತ್ತ ಕುಳಿತ ಅತಿಥಿಗೆ ಎದುರಾಡಿದರೆ ಉಂಡದ್ದನ್ನು ಹಂಗಿಸಿದಂತೆ.

ಹಾವೇರಿಯಿಂದ ಬಂದಿದ್ದ ಗಣಿತದ ಮಾಸ್ತರರು ಮಿರ್ಚಿ ಭಜಿ ಮುರಿದರು. "ಎರಡು ಸಾದಾ ಸಂಖ್ಯಾ ಇಟಗೊಂಡ್ರ ಮುಗೀತಲ್ರಿ. ನಿಮ್ಮದನ್ನ ನಿಮ್ಮ ಹುಡುಗ್ರು ಬಿಟ್ರ ಯಾರ ಮುಟ್ಟತಾರ?"

"ಚಿತ್ರ ಅಂದ್ರ ಎಲ್ಲಾರಿಗೂ ಬೇಕು," ಎಂದರು ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು. "ಆದ್ರ ನೀವ ಹೇಳ್ರಿ ಸರ. ನಿಮ್ಮ ಮ್ಯಾಲ ಬಿಟ್ಟೇವಿ."

ನನ್ನಲ್ಲಿ ಉತ್ತರವಿತ್ತು. ಎರಡು ಬಿಡಿ ಸಂಖ್ಯೆಗಳನ್ನು ಗುಣಿಸುತ್ತ ಕೂತ ಹುಡುಗ ಪ್ಲಸ್ಸು ಮೈನಸ್ಸಿನಲ್ಲೇ ಮುಳುಗುತ್ತಾನೆ, ಕರೆಂಟಿನ ಕಡೆ ನೋಡುವುದೇ ಇಲ್ಲ. ಇಷ್ಟೇ ಹೇಳಬೇಕಿತ್ತು.

"ಇನ್ನೊಂದೀಟು ಹಾಕ್ಲೇನ್ರಿ?" ಎಂದೆ.

"ಹಾಕ್ರಿ, ಹಾಕ್ರಿ. ಮತ್ತ ತಗಿಯೂದಂತ ಆತಲ್ರಿ?" ಎಂದರು ಗಣಿತದ ಮಾಸ್ತರರು.

"ನೀವು ಹೇಳಿದಂಗ ಆಗ್ಲಿರಿ."

ಮಂಡಕ್ಕಿಯ ಸಮಕ್ಷಮ ಠರಾವು ಪಾಸಾಯಿತು. ಯಾರೂ ದನಿ ಏರಿಸಲಿಲ್ಲ. ಇಬ್ಬರೂ ಹೊಟ್ಟೆ ತುಂಬಿಸಿಕೊಂಡು, ಹೆಂಡತಿಯ ಕೈರುಚಿ ಹೊಗಳಿ ಬಸ್ಸು ಹತ್ತಿದರು.

ಆ ಸಂಖ್ಯೆ ಎಲ್ಲೆಲ್ಲಿ ಹೆಣೆದುಕೊಂಡಿದೆ ಎಂಬುದು ನನಗೊಬ್ಬನಿಗೇ ಗೊತ್ತು. ಹಾಗಾಗಿ ಅಳಿಸುವ ಗೌರವವೂ ನನಗೇ ಸಂದಿತು. ಮರುದಿನ ಲ್ಯಾಬಿನಲ್ಲಿ ಕೂತು ಒಂದೊಂದೇ ಸಾಲು ತೆಗೆದೆ. ಏನಾದರೂ ಅನಿಸೀತೆಂದು ನಡುವೆ ಸ್ವಲ್ಪ ಹೊತ್ತು ಕೈಕಟ್ಟಿ ಕಾದೆ. ಫ್ಯಾನು ತಿರುಗುತ್ತಿತ್ತು. ಉಳಿದದ್ದನ್ನೂ ತೆಗೆದೆ.

ಮಧ್ಯಾಹ್ನ ಮುಖ್ಯಸ್ಥರು ಖಾಲಿಯಾದ ಜಾಗಕ್ಕೆ ತಮ್ಮ ಚಿತ್ರದ ಸಾಲುಗಳನ್ನು ತುಂಬಿ ಗುಂಡಿ ಒತ್ತಿದರು. ಪರದೆಯ ಮೇಲೆ ಒಂದು ವೃತ್ತ ಮೂಡಿತು.

"ನೋಡ್ರಿ ಸರ, ಎಷ್ಟ ಗುಂಡಗ ಬಂತು!"

"ಭಾಳ ಗುಂಡಗ ಐತ್ರಿ," ಎಂದೆ.